ಕ್ಲ್ಯಾರಿ ತಾತನ ಮೊಮ್ಮಗ

"ಡಲ್ಸಿ ಮೊಫಾಟ್, ವಯಸ್ಸು ಎಪ್ಪತ್ತೊಂಬತ್ತು... ಈ ವಯಸ್ಸಿಗೆ ಚೆನ್ನಾಗೇ ಇದ್ದೀರಿ ಆಂಟಿ."

ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ, ಎದುರು ನಿಂತವಳನ್ನೊಮ್ಮೆ ನೋಡಿ ಅವನು ಆಡಿದ ಮೊದಲ ಮಾತು ಇದು.

ಎದುರು ನಿಂತವಳು ಶಾಂಟೆಲ್. ವಯಸ್ಸು ಇಪ್ಪತ್ತಾರು. ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಒಂದೇ ಕಾಲಿಗೆ ಶೂ ಇತ್ತು, ಬಾಯಲ್ಲಿ ಬ್ರಷ್ ಇತ್ತು. ಎಂಟೂವರೆಗೆ ಅವಳು ಶಾಲೆಯಲ್ಲಿರಬೇಕು. ಒಂದನೇ ತರಗತಿಯ ಮಕ್ಕಳ ಮೂಗು ಒರೆಸಿ, ಅಕ್ಷರ ತಿದ್ದಿಸುವ ಸಹಾಯಕಿ ಅವಳು. ಈ ಮಹಾಶಯ ಆಸ್ಪತ್ರೆಯ ವ್ಯಾನನ್ನು ತಂದು ಅವಳ ಕಾರಿನ ಹಿಂದೆಯೇ ಅಡ್ಡ ನಿಲ್ಲಿಸಿದ್ದ.

ಬ್ರಷ್ ತೆಗೆದು, "ವ್ಯಾನ್ ತೆಗಿ ಮೊದ್ಲು," ಎಂದಳು. "ಡಲ್ಸಿ ನಮ್ಮಜ್ಜಿ. ನಾನಲ್ಲ."

"ತೆಗೀತೀನಿ. ನೀನು ಮೊದ್ಲು ಗಲ್ಲದ ಮೇಲಿರೋ ನೊರೆ ಒರೆಸ್ಕೊ."

ಒರೆಸಿಕೊಂಡಳು. ಸಿಟ್ಟು ನೆತ್ತಿಗೇರಿತು. 'ಯಾರಿವನು, ಇಷ್ಟೊಂದು ಹಲ್ಲು ಕಿರಿಯೋನು?' ಅಂಗಿಯ ಮೇಲೆ ಎಲ್ರಾಯ್ ಎಂದು ಹೊಲಿದಿತ್ತು. ಅಷ್ಟನ್ನು ಓದುವಷ್ಟು ಹೊತ್ತು ಅವಳ ಕಣ್ಣು ಅಲ್ಲಿ ನಿಂತದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಡಲ್ಸಿ ಅಜ್ಜಿ ತುಟಿಗೆ ಕೆಂಪು ಹಚ್ಚಿಕೊಂಡು, ಚೀಲ ತೂಗಾಡಿಸುತ್ತ ಹೊರಬಂದಳು. ಸಕ್ಕರೆ ಕಾಯಿಲೆಯ ಕಾಲು ತೋರಿಸಲು ಹೋಗುವವಳು ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡಿದ್ದಳು. ಆಸ್ಪತ್ರೆಯನ್ನು ನಡೆಸುವವರು ನಮ್ಮವರೇ, ಈ ನೆಲದ ಮೂಲಜನರೇ. ಬ್ರಿಸ್ಬೇನಿನ ಅಂಚಿನ ಈ ಇನಾಲಾದ ನಮ್ಮ ಹಿರಿಯರೆಲ್ಲ ಮಂಗಳವಾರ ಅಲ್ಲಿ ಸೇರುತ್ತಾರೆ. ಕಾಲು ನೆಪ, ಹರಟೆ ಮುಖ್ಯ.

ಅಜ್ಜಿ ಮುಂದಿನ ಸೀಟು ಹಿಡಿದು, ಹೊಸಬರನ್ನೆಲ್ಲ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದಳು. ಉತ್ತರದ ಕಡೆ ಯಾವತ್ತಾದರೂ ಹೋಗಿದ್ದೆಯೇನಪ್ಪ, ಅಲ್ಲಿ ಕ್ಲ್ಯಾರಿ ಎನ್ನುವವನ ಸುದ್ದಿ ಏನಾದರೂ ಕೇಳಿದ್ದೆಯಾ?

ಕ್ಲ್ಯಾರಿ ಅವಳ ಅಣ್ಣ. ಇವಳಿಗೆ ಹದಿಮೂರು ತುಂಬಿದ ವರ್ಷ, ಯಾರದೋ ದನದ ಮಂದೆ ಹೊಡೆದುಕೊಂಡು ಉತ್ತರಕ್ಕೆ ಹೋದವನು ಹಿಂದಿರುಗಲಿಲ್ಲ. ಅರವತ್ತಾರು ವರ್ಷವಾಯಿತು. ಅಜ್ಜಿ ಇನ್ನೂ ಕೇಳುತ್ತಲೇ ಇದ್ದಾಳೆ.

ಎಲ್ರಾಯ್ ತಾನು ಇಲ್ಲೇ ಬೆಳೆದವನು, ಉತ್ತರ ಕಂಡವನಲ್ಲ ಎಂದ. "ಯಾರ ಪೈಕಿ ನೀನು?" ಎಂದು ಕೇಳಿದ್ದಕ್ಕೆ ತಾಯಿಯ ಮನೆತನ ಹೇಳಿದ. ಅಜ್ಜಿಗೆ ಆ ಮನೆತನ ಗೊತ್ತಿತ್ತು, ನಮಗೂ ಅವರಿಗೂ ಏನೂ ಆಗಬೇಕಾಗಿಲ್ಲ ಎಂದು ತಲೆಯಾಡಿಸಿದಳು. ತಂದೆಯ ಕಡೆಯದನ್ನು ಕೇಳುವಷ್ಟರಲ್ಲಿ ಬಿಂಗೋ ಆಟದ ಮಾತು ಬಂತು. ಬಿಂಗೋ ಬಂದ ಮೇಲೆ ಅಜ್ಜಿಗೆ ಬೇರೆ ಯಾವುದೂ ಬೇಡ.

ಎಲ್ಲ ಎಡವಟ್ಟೂ ಆಗಿದ್ದು ಅಲ್ಲೇ.

* * *

ಮುಂದಿನ ಮಂಗಳವಾರ ಶಾಂಟೆಲ್ ಏಳೂವರೆಗೇ ಎರಡು ಕಾಲಿಗೂ ಶೂ ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದಳು. ಅದರ ಮುಂದಿನ ವಾರ ಏಳು ಗಂಟೆಗೆ. ಮನೆಯ ಸೋಫಾದ ಮೇಲೆ ಎರಡು ವಾರಕ್ಕೆಂದು ಬಂದು ಎಂಟು ತಿಂಗಳಿಂದ ಮಲಗಿರುವ ಅವಳ ಚಿಕ್ಕಮ್ಮನ ಮಗ ಡ್ವೇಯ್ನ್, ಮುಸುಕಿನೊಳಗಿಂದಲೇ, ಶಾಲೆ ಇಷ್ಟು ಬೇಗ ಶುರುವಾಗೋದು ಯಾವಾಗಿಂದ ಎಂದು ಕೇಳಿದ. ಅವನ ಮೇಲೆ ದಿಂಬು ಬಿತ್ತು.

ಶಾಲೆಗೆ ರಜೆ ಬಂದಾಗ ಅವಳೂ ಅಜ್ಜಿಯ ಜೊತೆ ವ್ಯಾನ್ ಹತ್ತಿದಳು. ಅಜ್ಜಿ ಒಳಗೆ ಕಾಲು ತೋರಿಸುವಾಗ ಇಬ್ಬರೂ ಹೊರಗಿನ ಬೆಂಚಿನಲ್ಲಿ ಬಿಸಿ ಆಲೂ ಚಿಪ್ಸ್ ಹಂಚಿಕೊಂಡು ತಿಂದರು. ಅವನು ತನಗೆ ಎರಡು ವರ್ಷವಿದ್ದಾಗಲೇ ಅಪ್ಪ ತೀರಿಹೋದದ್ದು, ಅಪ್ಪನ ಕಡೆಯವರ ಮುಖವನ್ನೇ ತಾನು ನೋಡದೇ ಇರುವುದು ಎಲ್ಲವನ್ನೂ ಹೇಳಿದ. ಕ್ರಿಸ್ಮಸ್ಸಿಗೆ ಅಮ್ಮ, ತಾನು ಇಬ್ಬರೇ ಎಂದ. ಅವಳು, ನಮ್ಮ ಮನೆಯಿಂದ ಹತ್ತು ಜನರನ್ನು ಕಳಿಸ್ತೀನಿ, ಡ್ವೇಯ್ನ್‌ನನ್ನು ವಾಪಸ್ ಮಾತ್ರ ಕಳಿಸಬೇಡ ಎಂದಳು. ಅವನು ನಕ್ಕ ರಭಸಕ್ಕೆ ಚಿಪ್ಸ್ ನೆಲಕ್ಕೆ ಬಿತ್ತು. ಹೆಕ್ಕಲು ಹೋದ ಎರಡು ಕೈಗಳು ಚಿಪ್ಸ್ ಬಿಟ್ಟು ಒಂದನ್ನೊಂದು ಹಿಡಿದುಕೊಂಡವು.

ಅಬ್ಬಾ... ಅಜ್ಜಿಯ ಕಾಲು ಪರೀಕ್ಷೆ ಇನ್ನೂ ಒಂದು ಗಂಟೆ ನಡೆಯಬಾರದೇ!

"ಭಾನುವಾರ ಊಟಕ್ಕೆ ಬಾ," ಎಂದಳು ಶಾಂಟೆಲ್. "ನಮ್ಮ ದೊಡ್ಡಮ್ಮ ನಿನ್ನ ನೋಡ್ಬೇಕು."

ಈ ಮಾತಿನ ತೂಕ ಅವನಿಗೂ ಗೊತ್ತಿತ್ತು. ನಮ್ಮಲ್ಲಿ ಹುಡುಗ, ಹುಡುಗಿ ಭೇಟಿಯಾದರೆ ಮೊದಲು ಕೇಳಬೇಕಾದದ್ದು ಫೋನ್ ನಂಬರಲ್ಲ, ಯಾರ ಮೊಮ್ಮಗ, ಯಾರ ಮೊಮ್ಮಗಳು ಎನ್ನುವುದು. ಹಿಂದಿನವರನ್ನು ಸರ್ಕಾರದವರು ಹಿಡಿದು ಹಿಡಿದು ಎಲ್ಲೆಲ್ಲಿಗೋ ಸಾಗಿಸಿದ್ದರಿಂದ ಯಾರು ಯಾರಿಗೆ ಏನಾಗಬೇಕು ಎನ್ನುವುದು ಹಿರಿಯ ಹೆಂಗಸರ ತಲೆಯಲ್ಲಿ ಮಾತ್ರ ಉಳಿದಿದೆ. ಅವರು ಸೈ ಎಂದರೆ ಸೈ. ಈ ಇಬ್ಬರೋ ನಗುವ ಭರದಲ್ಲಿ ಅದನ್ನು ಕೇಳುವುದನ್ನೇ ಮರೆತಿದ್ದರು.

* * *

ಭಾನುವಾರ ಮರ್ಲೀನ್ ದೊಡ್ಡಮ್ಮ ಜಗಲಿಯಲ್ಲಿ ಚಹಾ ಹಿಡಿದು, ನ್ಯಾಯಾಧೀಶರ ಗತ್ತಿನಲ್ಲಿ ಕೂತಿದ್ದಳು. ಅಜ್ಜಿಯ ಹಿರಿಮಗಳು ಇವಳು. ಇನಾಲಾದಲ್ಲಿ ಇವಳಿಗೆ ತಿಳಿಯದ ಸಂಬಂಧವಿಲ್ಲ ಎಂದು ಜನ ಹೇಳುತ್ತಾರೆ. ಅವರಿಗೆ ಹಾಗೆಂದು ಹೇಳಿದವಳೂ ಇವಳೇ.

ತಾಯಿಯ ಕಡೆಯದು ಎರಡು ನಿಮಿಷದಲ್ಲಿ ಮುಗಿಯಿತು. ತಂದೆಯ ಮನೆತನ?

"ಪೆನ್‌ಹಾಲ್ ಅಂತ ಆಂಟಿ. ಅಪ್ಪ ಉತ್ತರದವ್ರು. ತಾತ ದನ ಹೊಡೀತಿದ್ರಂತೆ, ನಾನು ಹುಟ್ಟೋ ಮೊದ್ಲೇ ತೀರ್ಕೊಂಡ್ರಂತೆ. ಅಷ್ಟೇ ನಂಗೊತ್ತಿರೋದು."

ಚಹಾದ ಲೋಟ ಕೆಳಗಿಳಿಯಿತು. ಪೆನ್‌ಹಾಲ್ ಎಂದರೆ ಅಜ್ಜಿಯ ತವರಿನ ಹೆಸರು.

"ಅಮ್ಮಾ," ಎಂದು ದೊಡ್ಡಮ್ಮ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿಯೂ ಎದ್ದು ನಿಂತಿತು. "ಬಾ ಇಲ್ಲಿ. ಕ್ಲ್ಯಾರಿ ಮಾವನ ಮೊಮ್ಮಗ ಬಂದಿದಾನೆ."

ಅಜ್ಜಿ ಅಡುಗೆಮನೆಯಿಂದ ಬಂದಳು. ಕೈಯೆಲ್ಲ ಹಿಟ್ಟು. ಆ ಕೈಯಲ್ಲೇ ಎಲ್ರಾಯ್‌ನ ಮುಖವನ್ನು ಹಿಡಿದು ನೋಡುತ್ತ ನಿಂತಳು. ಕಣ್ಣೀರು ಧಾರೆಯಾಗಿ ಇಳಿಯಿತು. ಆಮೇಲೆ ಮನೆಯವರೆಲ್ಲ ಹೋಲಿಕೆ ಹುಡುಕತೊಡಗಿದರು. ದೊಡ್ಡಮ್ಮನಿಗೆ ಕ್ಲ್ಯಾರಿಯ ಕಿವಿ ಕಂಡಿತು. ಕ್ಲ್ಯಾರಿ ಊರು ಬಿಟ್ಟ ಮೇಲೆ ನಲವತ್ತು ವರ್ಷಕ್ಕೆ ಹುಟ್ಟಿದ ಡ್ವೇಯ್ನ್‌ಗೆ ಕ್ಲ್ಯಾರಿಯ ನಡಿಗೆಯೇ ಕಂಡಿತು.

ಶಾಂಟೆಲ್ ಡ್ಯಾಂಪರ್ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲೇ ಕಲ್ಲಾದಳು.

ಇದನ್ನು ಓದುವವರಲ್ಲಿ, ಅಜ್ಜಿಯ ಅಣ್ಣನ ಮೊಮ್ಮಗನೇ, ವರಸೆ ಕೂಡಿಬಂದರೆ ಓಲಗ ಊದಿಸೋಣ ಎನ್ನುವವರೂ ಇದ್ದೀರಿ ಎಂದು ಬಲ್ಲೆ. ನಮ್ಮಲ್ಲಿ ಹಾಗಿಲ್ಲ. ಅವನು ಅಣ್ಣ. ಒಂದು ತಲೆಮಾರು ಅತ್ತ ಹೋಗಲಿ, ಇತ್ತ ಹೋಗಲಿ, ಅಣ್ಣನೇ.

'ಅಯ್ಯೋ... ನಾನು ಕೈ ಹಿಡಿದಿದ್ದೆನಲ್ಲ!'

ಮೇಜಿನ ಆಚೆಯಿಂದ ಎಲ್ರಾಯ್ ಅವಳನ್ನು ನೋಡಿದ. ಇಬ್ಬರೂ ಒಂದೇ ಕ್ಷಣದಲ್ಲಿ ತಲೆ ತಗ್ಗಿಸಿದರು.

* * *

ಆಮೇಲಿನ ಒಂದೂವರೆ ತಿಂಗಳು ಆ ಮನೆಯಲ್ಲಿ ಹಬ್ಬ. ಅಜ್ಜಿ ಹಠ ಮಾಡದೆ ಮಾತ್ರೆ ನುಂಗತೊಡಗಿದಳು. ಪಾತ್ರೆ ತೊಳೆಯುವಾಗ ಹಾಡತೊಡಗಿದಳು. ಎಲ್ರಾಯ್ ಬಿಸಿನೀರಿನ ನಲ್ಲಿ ಸರಿಮಾಡಿದ, ಗೋಡೆಗೆ ಅವನ ಫೋಟೋ ಬಂತು. ಡ್ವೇಯ್ನ್ ಅವನನ್ನು ಅಣ್ಣಾ ಎಂದು ಕರೆದು ಅವನ ಒಳ್ಳೆಯ ಅಂಗಿಗಳನ್ನು ಹಾಕಿಕೊಂಡು ತಿರುಗಿದ. ಇಬ್ಬರೇ ಕ್ರಿಸ್ಮಸ್ ಮಾಡುತ್ತಿದ್ದ ಹುಡುಗನಿಗೆ ಒಮ್ಮೆಲೇ ಮನೆ ತುಂಬ ಬಂಧುಗಳು. ಅವನಿಗೆ ಖುಷಿ ಆಗಲಿಲ್ಲ ಎಂದರೆ ಸುಳ್ಳು.

ಶಾಂಟೆಲ್ ಮಾತ್ರ ಮಂಗಳವಾರ ವ್ಯಾನ್ ಬರುವ ಮೊದಲೇ ಮನೆ ಬಿಡುತ್ತಿದ್ದಳು. ಅಳು ಬಂದಾಗ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಮಷೀನ್ ಹಾಕುತ್ತಿದ್ದಳು. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದು ಅವಳ ಲೆಕ್ಕ. ಅವನು ಅಣ್ಣ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಂಡಳು. ಬುದ್ಧಿ ಕೇಳುತ್ತಿತ್ತು. ಮನಸ್ಸು ಕೇಳುತ್ತಿರಲಿಲ್ಲ.

ಅಜ್ಜಿಗೆ ಎಂಬತ್ತು ತುಂಬುವ ದಿನ ಹತ್ತಿರ ಬಂತು. ಏನು ಬೇಕಜ್ಜಿ ಎಂದು ಎಲ್ಲರೂ ಕೇಳಿದರು. ಅವಳು ಎಲ್ರಾಯ್‌ನನ್ನು ಪಕ್ಕಕ್ಕೆ ಕರೆದು, ಅಣ್ಣನನ್ನು ಎಲ್ಲಿ ಮಣ್ಣು ಮಾಡಿದರು ಎಂದು ವಿಚಾರಿಸಿ ಹೇಳಪ್ಪ, ಒಂದು ಸಲ ಅಲ್ಲಿ ಹೋಗಿ ಕೂತು ಬರಬೇಕು ಎಂದಳು. ಅವನು ಅವರಿವರನ್ನು ಹಿಡಿದು, ಉತ್ತರದ ನಾರ್ಮಂಟನ್ ಊರಿನಲ್ಲಿ ತನ್ನ ಅಪ್ಪನ ಸೋದರತ್ತೆ ಐರಿಸ್ ಎನ್ನುವವಳನ್ನು ಪತ್ತೆ ಮಾಡಿ ಫೋನ್ ಮಾಡಿದ.

ಮರುದಿನ ಮಧ್ಯಾಹ್ನ ಶಾಲೆಯ ಗೇಟಿನ ಹೊರಗೆ ವ್ಯಾನ್ ನಿಂತಿತ್ತು. ಶಾಂಟೆಲ್ ದಾಟಿ ಹೋಗಲು ನೋಡಿದಳು. ಅವನ ಮುಖ ನೋಡಿ ನಿಂತಳು.

"ನಾನು ಕ್ಲ್ಯಾರಿ ತಾತನ ಮೊಮ್ಮಗ ಅಲ್ಲ," ಎಂದ.

ಐರಿಸ್ ಎಲ್ಲ ಬಿಡಿಸಿ ಹೇಳಿದ್ದಳು. ಅವನ ತಾತನ ಹೆಸರು ಟಾಮಿ, ಹುಟ್ಟಿದ್ದೂ ಸತ್ತದ್ದೂ ಉತ್ತರದಲ್ಲೇ. ಪೆನ್‌ಹಾಲ್ ಎನ್ನುವುದು ಟಾಮಿಯ ಮನೆಯವರು ದುಡಿದ ಬಿಳಿಯ ಧಣಿಯ ಹೆಸರು. ಆ ಧಣಿಯ ತಮ್ಮನಿಗೆ ಪಶ್ಚಿಮದಲ್ಲಿ ಇನ್ನೊಂದು ದನದ ಬಯಲು ಇತ್ತು, ಅಜ್ಜಿಯ ಹೆತ್ತವರು ದುಡಿದದ್ದು ಅಲ್ಲಿ. ದುಡಿಯುವವರ ಸ್ವಂತ ಹೆಸರು ಕೇಳುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ? ಅಣ್ಣ ತಮ್ಮ ಇಬ್ಬರೂ ತಮ್ಮ ಹೆಸರನ್ನೇ ಎಲ್ಲರಿಗೂ ಅಂಟಿಸಿದರು. ಸಾವಿರ ಕಿಲೋಮೀಟರ್ ಆಚೀಚೆ ಇದ್ದ, ಒಬ್ಬರ ಮುಖ ಒಬ್ಬರು ಕಾಣದ ಎರಡು ಮನೆತನಗಳಿಗೆ ಹೀಗೆ ಒಂದೇ ಹೆಸರು ಬಂತು. ಕ್ಲ್ಯಾರಿ ಎನ್ನುವವನ ಹೆಸರನ್ನು ಐರಿಸ್ ಕೇಳಿಯೇ ಇರಲಿಲ್ಲ.

ಅವನು ಅಣ್ಣನಲ್ಲ... ಅಣ್ಣನಲ್ಲ!

ಶಾಂಟೆಲ್‌ಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣ, ಪಾತ್ರೆ ತೊಳೆಯುತ್ತ ಹಾಡುವ ಅಜ್ಜಿ ಕಣ್ಣ ಮುಂದೆ ಬಂದಳು. ಅಮ್ಮ ಅಪ್ಪ ಇಬ್ಬರೂ ಬಿಟ್ಟುಹೋದಾಗ ಇವಳನ್ನು ಎತ್ತಿಕೊಂಡು ಬಂದು ಸಾಕಿದವಳು ಆ ಅಜ್ಜಿ. ತನಗಾಗಿ ಎಂದು ಅವಳು ಬಯಸಿದ್ದು ಈ ಒಂದನ್ನೇ.

"ಯಾರಿಗೂ ಹೇಳ್ಬೇಡ," ಎಂದಳು.

"ಏನಂದೆ?"

"ಅಜ್ಜಿಗೆ ಗೊತ್ತಾಗ್ಬಾರ್ದು. ಅರವತ್ತಾರು ವರ್ಷ ಆದ್ಮೇಲೆ ಅವಳಿಗೆ ಅವಳಣ್ಣ ಸಿಕ್ಕಿದಾನೆ. ಅದನ್ನ ನಾನು ಕಿತ್ಕೊಳ್ಳಲ್ಲ."

"ಮತ್ತೆ ನಾವಿಬ್ರು?"

"ನೀನು ಅವಳ ಮೊಮ್ಮಗ. ನಾನು ಅವಳ ಮೊಮ್ಮಗಳು. ಅಷ್ಟೇ."

ಅವನು ವ್ಯಾನಿನ ಬಾಗಿಲು ತೆರೆದ. "ನಿಂಗದು ಇಷ್ಟು ಸುಲಭ ಅಂತ ನಂಗೊತ್ತಿರ್ಲಿಲ್ಲ," ಎಂದು ವ್ಯಾನ್ ಹತ್ತಿದ.

'ಸುಲಭವಂತೆ!' ಮನೆಗೆ ಹೋದವಳೇ ಅವಳು, ಆಗಷ್ಟೇ ಒಗೆದು ಮಡಚಿಟ್ಟಿದ್ದ ಟವೆಲ್ಲುಗಳನ್ನು ಮತ್ತೆ ಮಷೀನಿಗೆ ತುಂಬಿದಳು.

* * *

ಶನಿವಾರ ಮಧ್ಯಾಹ್ನ ಹಿತ್ತಲು ತುಂಬ ಜನ. ಉಪ್ಪು ಹಾಕಿದ ದನದ ಮಾಂಸ, ಮಸಾಲೆ ಹಾಕಿದ ಸಾಸೇಜ್ ಸಾರು, ಬುಟ್ಟಿ ತುಂಬ ಡ್ಯಾಂಪರ್. ಅಜ್ಜಿ ಹೊಸ ನೇರಳೆ ಬಣ್ಣದ ಉಡುಪಿನಲ್ಲಿ ನಡುಮಧ್ಯೆ ಕೂತಿದ್ದಳು. ತನ್ನ ಪಕ್ಕದ ಕುರ್ಚಿಯಲ್ಲಿ ಎಲ್ರಾಯ್‌ನನ್ನು ಕೂರಿಸಿಕೊಂಡಿದ್ದಳು. ಶಾಂಟೆಲ್ ಆದಷ್ಟು ದೂರ ನಿಂತು ತಟ್ಟೆ ಹಂಚುತ್ತಿದ್ದಳು.

ಕೇಕ್ ಕತ್ತರಿಸುವ ಮೊದಲು ಅಜ್ಜಿ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಫೋಟೋ ತೆಗೆದಳು. ಕುದುರೆಯ ಪಕ್ಕ ನಿಂತ ತೆಳ್ಳನೆಯ ಹುಡುಗ. ಕ್ಲ್ಯಾರಿಯದೆಂದು ಇದ್ದದ್ದು ಅದೊಂದೇ ಚಿತ್ರ.

"ತಗೋ ಮಗಾ. ಇದು ನಿಂಗೆ ಸೇರ್ಬೇಕಾದ್ದು."

ಎಲ್ರಾಯ್ ಕೈ ಚಾಚಲಿಲ್ಲ. ಕುರ್ಚಿಯಿಂದಿಳಿದು ಅಜ್ಜಿಯ ಮುಂದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತ.

"ಇದನ್ನ ನಾನು ತಗೊಳ್ಳೋಕಾಗಲ್ಲ ಆಂಟಿ. ನಾನು ಅವ್ರ ಮೊಮ್ಮಗ ಅಲ್ಲ."

ಐರಿಸ್ ಹೇಳಿದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ದೊಡ್ಡಮ್ಮನ ಕೈಯಲ್ಲಿದ್ದ ಕೇಕ್ ಚಾಕು ಹಾಗೇ ನಿಂತಿತು. ಅಜ್ಜಿ ಫೋಟೋವನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

ಶಾಂಟೆಲ್ ತಟ್ಟೆ ಕೆಳಗಿಟ್ಟು ಬಂದು ಅವನ ಪಕ್ಕದಲ್ಲಿ ನಿಂತಳು.

"ಅವನನ್ನ ಬೈಬೇಡ ಅಜ್ಜಿ. ಅವನು ಗೊತ್ತಾದ ಕೂಡ್ಲೇ ಹೇಳೋಕೆ ಬಂದ. ನಾನೇ ಬೇಡ ಅಂದೆ."

"ಯಾಕೆ?"

"ನೀನು ಹಾಡ್ತಿದ್ದೆ. ಅದಕ್ಕೆ."

ಅಜ್ಜಿ ಮೊಮ್ಮಗಳನ್ನು ದಿಟ್ಟಿಸಿ ನೋಡಿದಳು. "ಅದಕ್ಕೇನಾ ಒಂದೂವರೆ ತಿಂಗಳಿಂದ ಒಗೆಯೋ ಕೋಣೇಲಿ ಅಳ್ತಿದ್ದೆ? ಒಗೆದೂ ಒಗೆದೂ ಮನೆಯ ಟವೆಲ್ಲೆಲ್ಲಾ ಸವೆದು ಹೋಯ್ತಲ್ಲೇ. ನಿಜ ಹೇಳು."

ಹಿತ್ತಲಿನ ಎಲ್ಲರ ಕಣ್ಣೂ ಅವಳ ಮೇಲೆ. ನಾಚಿಕೆಯಿಂದ ಕಿವಿ ಉರಿಯುತ್ತಿತ್ತು. 'ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ...'

"ನಂಗೆ ಅವನು ಬೇಕು ಅಜ್ಜಿ. ಅಣ್ಣ ಆಗಿ ಅಲ್ಲ."

ಎಲ್ರಾಯ್ ತಲೆಯೆತ್ತಿ ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ, ತಿರುಗಿದ್ದರೆ ಅತ್ತುಬಿಡುತ್ತಿದ್ದಳು.

ಅಜ್ಜಿ ಅತ್ತಳು. ಅಣ್ಣನಿಗಾಗಿ ಅತ್ತಳು, ಮುಚ್ಚುಮರೆಯಿಲ್ಲದೆ. ಎಲ್ಲರೂ ಕಾದರು. ನಮ್ಮಲ್ಲಿ ಹಿರಿಯರು ಅಳುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಕೊನೆಗೆ ಅವಳು ಮೂಗು ಒರೆಸಿಕೊಂಡು, ಶಾಂಟೆಲ್‌ಳ ಕೈ ಹಿಡಿದು ಎಳೆದು ಹತ್ತಿರ ಕೂರಿಸಿಕೊಂಡಳು.

"ಕ್ಲ್ಯಾರಿ ಸಿಗ್ಲಿಲ್ಲ. ಇಷ್ಟು ವರ್ಷ ಕಾದಿದೀನಿ, ಇನ್ನೂ ಕಾಯ್ತೀನಿ. ಆದ್ರೆ ನೀನು ಅಳ್ತಿರುವಾಗ ನಾನು ಹಾಡ್ಬೇಕಾ? ಅಂಥ ಹಾಡು ನಂಗ್ಯಾಕೆ ಮಗಾ?"

ಈಗ ಶಾಂಟೆಲ್‌ಗೆ ತಡೆಯಲಾಗಲಿಲ್ಲ. ಅಜ್ಜಿಯ ನೇರಳೆ ಉಡುಪು ಒದ್ದೆಯಾಯಿತು.

ಬೆನ್ನು ಸವರುತ್ತಲೇ ಅಜ್ಜಿ ಮಗಳ ಕಡೆ ತಿರುಗಿದಳು. "ಮರ್ಲೀನ್, ನಿನ್ನ ಬಾಯಿಂದ ಆದ ಅವಾಂತರ ಇದು. ಚಾಕು ಇಟ್ಟು ಬಾ. ಈ ಸಲ ಪೂರ್ತಿ ಕೇಳು."

ಕೇಕ್ ಕಾಯಿತು. ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತಳು. ಟಾಮಿಯ ತಾಯಿ ಯಾರು, ಹೆಂಡತಿ ಯಾವ ಕಡೆಯವಳು, ಐರಿಸ್ ಯಾರ ಮನೆಗೆ ಸೇರಿದಳು, ಒಂದೊಂದಾಗಿ ಕೆದಕಿದಳು. ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ನಾರ್ಮಂಟನ್‌ಗೆ ಫೋನ್ ಹೋಯಿತು. ಇಬ್ಬರು ಮುದುಕಿಯರು ಮುಕ್ಕಾಲು ಗಂಟೆ ಮಾತಾಡಿದರು. ಐಸ್‌ಕ್ರೀಮ್ ಕರಗಿ ನೀರಾಯಿತು. ಎಲ್ರಾಯ್ ಪರೀಕ್ಷೆಯ ಫಲಿತಾಂಶ ಕಾಯುವವನ ಹಾಗೆ ಉಗುರು ಕಚ್ಚಿದ.

ಕೊನೆಗೆ ದೊಡ್ಡಮ್ಮ ಫೋನ್ ಇಟ್ಟಳು. "ಏನೂ ಆಗ್ಬೇಕಾಗಿಲ್ಲ," ಎಂದಳು, ಸ್ವಲ್ಪ ಬೇಸರದಿಂದಲೇ. "ಯಾವ ಕಡೆಯಿಂದ ನೋಡಿದ್ರೂ ಇವನು ನಮಗೆ ಏನೂ ಅಲ್ಲ."

ಹಿತ್ತಲೇ ಹಾರಿಹೋಗುವ ಹಾಗೆ ಎಲ್ಲರೂ ಕೂಗಿದರು. ನೀನು ನಮಗೆ ಏನೂ ಅಲ್ಲ ಎಂದಿದ್ದಕ್ಕೆ ಒಬ್ಬ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಡ್ವೇಯ್ನ್ ಮಾತ್ರ, ಹಾಗಾದರೆ ಅಂಗಿಗಳನ್ನು ವಾಪಸ್ ಕೊಡಬೇಕಾ ಎಂದು ವಿಚಾರಿಸಿದ. ಕಿವಿ ಮಾತ್ರ ಕ್ಲ್ಯಾರಿಯದೇ ಎಂದು ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ.

ಮಂಡಿಯ ಹುಲ್ಲು ಕೊಡವಿ ಎದ್ದ ಎಲ್ರಾಯ್‌ಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಅಜ್ಜಿ ಪಕ್ಕದ ಕುರ್ಚಿಯನ್ನು ತಟ್ಟಿದಳು. ಮೊಮ್ಮಗ ಅಲ್ಲ ಎಂದ ಮಾತ್ರಕ್ಕೆ ಊಟ ಬಿಟ್ಟು ಓಡಬೇಡ, ಕೂತುಕೋ, ಐರಿಸ್‌ಗೆ ಕ್ಲ್ಯಾರಿಯ ಗುರುತು ಹೇಳಬೇಕು, ಬರೆದುಕೋ ಎಂದಳು.

* * *

ಜನ ಕೇಕ್ ತಿನ್ನುವಾಗ ಅವರಿಬ್ಬರೂ ಹಿತ್ತಲಿನ ಕೊನೆಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಸಿಕ್ಕರು. ಎಲ್ಲರಿಗೂ ಕಾಣುವ ಜಾಗ. ಈಗ ಅವಿತುಕೊಳ್ಳುವ ಅಗತ್ಯವಿರಲಿಲ್ಲ.

"ನಾನು ಇವತ್ತು ಬಾಯಿ ಬಿಡದೇ ಇದ್ದಿದ್ರೆ, ನೀನು ಹಾಗೇ ಇದ್ಬಿಡ್ತಿದ್ಯಾ?" ಎಂದು ಕೇಳಿದ.

"ಇರ್ತಿದ್ದೆ. ಸಾಯೋವರ್ಗೂ ನಿನ್ನ ಅಣ್ಣ ಅಂತಿದ್ದೆ. ಸಾಯೋವರ್ಗೂ ಅಳ್ತಿದ್ದೆ."

"ಸುಲಭ ಅಂದುಬಿಟ್ಟೆ ನಿಂಗೆ. ತಪ್ಪಾಯ್ತು."

"ಹೂಂ. ಆಗಿದೆ." ಅವಳು ಅವನ ಕೈ ಹಿಡಿದುಕೊಂಡಳು. ಈ ಸಲ ಬಿಡಲಿಲ್ಲ.

ಅವನು ಮೆಲ್ಲಗೆ ಹೇಳಿದ, ಚಳಿಗಾಲದ ರಜೆಯಲ್ಲಿ ಉತ್ತರಕ್ಕೆ ಹೋಗಬೇಕು ಅಂತಿದೀನಿ, ಐರಿಸ್‌ನ ನೋಡಬೇಕು, ನನ್ನ ಕಡೆಯವರನ್ನು ನೋಡಬೇಕು. ದಾರಿಯುದ್ದಕ್ಕೂ ಊರೂರಲ್ಲಿ ಕ್ಲ್ಯಾರಿ ತಾತನ ಬಗ್ಗೆ ಕೇಳಿಕೊಂಡು ಹೋಗೋಣ. ಬರುತ್ತೀಯಾ?

"ಅಜ್ಜೀನೂ ಬರ್ತಾಳೆ. ಬೇಡ ಅಂದ್ರೂ ಬರ್ತಾಳೆ."

"ಬರ್ಲಿ. ಮುಂದಿನ ಸೀಟು ಅವಳದ್ದೇ."

"ಅಷ್ಟು ದೂರ ನಾನು ಹಿಂದೆ ಕೂತು ನಿನ್ನ ಹಿಂದಲೆ ನೋಡ್ತಾ ಇರ್ಬೇಕಾ?"

"ಹೋಗ್ತಾ ಹಿಂದಲೆ ನೋಡು. ವಾಪಸ್ ಬಂದ್ಮೇಲೆ ಜೀವನಪೂರ್ತಿ ಮುಖ ನೋಡು. ಒಪ್ಗೇನಾ?"

ಶಾಂಟೆಲ್ ಯೋಚಿಸುವವಳ ಹಾಗೆ ಆಕಾಶ ನೋಡಿದಳು. ನಗು ತಡೆಯಲಾಗದೆ ಅವನ ಭುಜಕ್ಕೆ ಹಣೆ ಒತ್ತಿದಳು.

"ಒಪ್ಗೆ," ಎಂದಳು. "ಆದ್ರೂ ದೊಡ್ಡಮ್ಮನ ಹತ್ರ ಇನ್ನೊಂದ್ಸಲ ಕೇಳಿಸ್ತೀನಿ."